ಒಂದೇ ಮಧ್ಯಾಹ್ನದ ಫೋಟೋಗಳು

"ಯಾರ್ರೀ ನೀವು? ನನ್ನ ಸೋಫಾ ಮೇಲೆ ಕಾಲು ಚಾಚ್ಕೊಂಡು ಮಲಗೋಕೆ ಯಾರು ಹೇಳಿದ್ರು?"

ಸೋಫಾದ ಮೇಲಿದ್ದ ಗಂಡಸು ಕಣ್ಣು ಬಿಟ್ಟ. ಬೆಚ್ಚಲಿಲ್ಲ, ಎದ್ದು ಕೂರಲೂ ಇಲ್ಲ. ಬಾಗಿಲಲ್ಲಿ ಎರಡು ಸೂಟ್‌ಕೇಸ್‌ಗಳ ನಡುವೆ ನಿಂತಿದ್ದ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದ.

"ಎರಡು ತಿಂಗಳು ಅಂದಿದ್ರಂತೆ. ಮೂರನೇ ವಾರಕ್ಕೇ ಬಂದ್ಬಿಟ್ರಾ? ನಾನು ಎರಡನೇ ವಾರಕ್ಕೇ ಬರ್ತೀರಿ ಅಂದ್ಕೊಂಡಿದ್ದೆ. ಪರವಾಗಿಲ್ಲ, ಗಟ್ಟಿ ಇದ್ದೀರಿ."

ಅವಳ ಮೈಯೆಲ್ಲ ಉರಿದುಹೋಯಿತು. ನಿವೃತ್ತಿಯಾಗುವವರೆಗೂ ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯನ್ನು ಆಳಿದವಳು ಅವಳು. 'ಉಸಿರು ಬಿಗಿ ಹಿಡೀರಿ' ಎಂದರೆ ಎಂಥ ದೊಡ್ಡ ಮನುಷ್ಯನೂ ಹಿಡಿಯುತ್ತಿದ್ದ. ಮಲಗಿದ ಜಾಗದಿಂದಲೇ ಅವಳಿಗೆ ಎದುರು ಮಾತಾಡಿದವರು ಇದುವರೆಗೆ ಯಾರೂ ಇರಲಿಲ್ಲ.

"ನನ್ನ ದೊರೆ ಎಲ್ಲಿ?"

ಅವನು ಹೊದಿಕೆ ಸರಿಸಿದ. ಹೊಟ್ಟೆಯ ಮೇಲೆ ಬೂದು ಬಣ್ಣದ ಮುದಿ ಬೆಕ್ಕು, ಒಂದು ಕಿವಿ ಹರಿದದ್ದು, ಮುದುರಿಕೊಂಡು ಮಲಗಿತ್ತು. ಮೂಳೆ ನೋಡಲು ಅವಳಿಗೆ ಇವತ್ತು ಯಂತ್ರ ಬೇಕಾಗಲಿಲ್ಲ. ಅಷ್ಟು ಸೊರಗಿತ್ತು.

ಬದುಕಿದ್ದಾನೆ… ಬದುಕಿದ್ದಾನೆ…

ದೊರೆ ಒಂದೇ ಕಣ್ಣು ತೆರೆದು ಅವಳನ್ನು ನೋಡಿದ. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿಕೊಂಡ.

ಅವಳು ಸೂಟ್‌ಕೇಸ್ ಮೇಲೆಯೇ ಕುಸಿದು ಕುಳಿತು ಅತ್ತುಬಿಟ್ಟಳು.

ಅವಳಿಗೆ ತಕ್ಕ ಶಾಸ್ತಿಯೇ, ಬಿಡಿ. ಹೊರಡುವ ಮುಂಚೆ ಅವಳು ಆಡಿದ ಮಾತೇನು ಕಡಿಮೆಯೇ?

ಅದೇ ಬೀದಿಯ ನಿವೃತ್ತರದ್ದೊಂದು ವಾಕಿಂಗ್ ಗುಂಪು. ನಡೆಯುವುದು ಸ್ವಲ್ಪ, ಆಡಿಕೊಳ್ಳುವುದು ಬಹಳ. ಅದರ ಯಜಮಾನಿಕೆ ಟೀಚರಮ್ಮನದು. ಅವರೊಮ್ಮೆ ಸಮುದ್ರ ನೋಡಲು ಹೋಗಿ, ತಮ್ಮ ಗಿಳಿ ಮಾತು ಬಿಟ್ಟಿದೆಯೆಂದು ಫೋನ್ ಬಂದದ್ದೇ ತಡ, ವಾರ ತುಂಬುವ ಮೊದಲೇ ಓಡಿಬಂದಿದ್ದರು. ಆಗ ಎಲ್ಲರೆದುರು ಕೈ ತಟ್ಟಿ ನಕ್ಕವಳು ನಮ್ಮ ಎಕ್ಸ್‌ರೇ ಮೇಡಂ.

"ಗಿಳಿಗೋಸ್ಕರ ಸಮುದ್ರ ಬಿಟ್ಟು ಬಂದ್ರಾ? ನಿಮ್ಮಂಥೋರು ಗೇಟ್ ದಾಟ್ಲೇಬಾರ್ದು. ನೋಡ್ತಿರಿ, ಎರಡು ತಿಂಗಳು ನಾನು ಈ ಕಡೆ ತಲೆ ಹಾಕಲ್ಲ."

ಹೋದಳು. ನಿವೃತ್ತರನ್ನು ತುಂಬಿಕೊಂಡು ಹೊರಡುವ ಆ ಬಸ್ಸುಗಳ ಕಥೆ ಕೇಳಬೇಡಿ. ಮೊದಲ ವಾರ ಕಂಡ ಕಂಡ ಗುಡ್ಡಕ್ಕೆಲ್ಲ ಚಪ್ಪಾಳೆ. ಎರಡನೇ ವಾರ ಹೋಟೆಲಿನ ದಿಂಬು ಗಟ್ಟಿ, ಬ್ರೆಡ್ಡು ಮೆತ್ತಗೆ. ಮೂರನೇ ವಾರ ಎದುರಿಗೆ ಜಲಪಾತ ಬೀಳುತ್ತಿದ್ದರೂ ಅದಕ್ಕೆ ಬೆನ್ನು ಹಾಕಿ ನಿಂತು, ಫೋನಿನಲ್ಲಿ ಒಬ್ಬರಿಗೊಬ್ಬರು ನಾಯಿಯ ಫೋಟೋ ತೋರಿಸುವುದು. ಅವಳು ಅವರನ್ನೆಲ್ಲ ನೋಡಿ ತುಟಿ ಕೊಂಕಿಸುತ್ತಿದ್ದಳು. ಆದರೆ ಬೆಳಗಾದರೆ ಎಲ್ಲರಿಗಿಂತ ಮೊದಲು ಫೋನ್ ನೋಡುತ್ತಿದ್ದವಳು ಅವಳೇ.

ಬೆಕ್ಕಿನ ಜವಾಬ್ದಾರಿ ಹೊತ್ತಿದ್ದ ತಂಗಿಯ ಮಗಳು ದಿನಕ್ಕೊಂದು ಫೋಟೋ ಕಳಿಸುತ್ತಿದ್ದಳು. ಕಿಟಕಿಯ ಬಳಿ ದೊರೆ, ಬಟ್ಟಲ ಮುಂದೆ ದೊರೆ, ಪರದೆ ಹಿಂದೆ ದೊರೆ. 'ಹಾಯಾಗಿದ್ದಾನೆ ದೊಡ್ಡಮ್ಮ, ನಿಮ್ಮ ನೆನಪೇ ಇಲ್ಲ ಅವನಿಗೆ!'

ಬದುಕಿಡೀ ನೆರಳು ನೋಡಿಯೇ ಸಂಬಳ ತೆಗೆದುಕೊಂಡ ಕಣ್ಣು ಅದು. ಒಂದು ಬೆಳಿಗ್ಗೆ ತಿಂಡಿಯ ಟೇಬಲ್ಲಿನಲ್ಲಿ ಫೋಟೋಗಳನ್ನೆಲ್ಲ ಹಿಂದೆ ಮುಂದೆ ಸರಿಸಿ ನೋಡುತ್ತಿದ್ದವಳ ಕೈ ನಿಂತುಹೋಯಿತು. ಎಲ್ಲದರಲ್ಲೂ ಕಿಟಕಿಯ ನೆರಳು ನೆಲದ ಮೇಲೆ ಅದೇ ಜಾಗದಲ್ಲಿ. ಪರದೆಯ ಮಡಿಕೆ ಅದೇ. ಬಟ್ಟಲಿನ ಹಾಲೂ ಅಷ್ಟೇ. ಯಾರೋ ಒಂದೇ ಮಧ್ಯಾಹ್ನ ಎಲ್ಲ ಫೋಟೋ ತೆಗೆದಿಟ್ಟುಕೊಂಡು, ದಿನಕ್ಕೊಂದರಂತೆ ಹಂಚುತ್ತಿದ್ದಾರೆ!

ಹಾಗಾದರೆ ದೊರೆ ಸತ್ತಿದ್ದಾನೆ.

ಅವಳು ಯಾರಿಗೂ ಕಾರಣ ಹೇಳದೆ, ತಂಗಿಯ ಮಗಳಿಗೂ ತಿಳಿಸದೆ ಸಿಕ್ಕಿದ ಬಸ್ಸು ಹತ್ತಿದ್ದಳು. ಈಗ ಕಣ್ಣೊರೆಸಿಕೊಂಡು ಎದ್ದಾಗ ಆ ದುಃಖವೆಲ್ಲ ಸಿಟ್ಟಾಗಿ ತಿರುಗಿತ್ತು.

"ಫೋಟೋ ತೆಗೆದ ಕಳ್ಳ ನೀವೇನಾ?"

"ನಾನೇ. ನಿಮ್ಮ ತಂಗಿ ಮಗಳಿಗೆ ಆಫೀಸಲ್ಲಿ ಬಿಡುವಿಲ್ಲ. ಹಗಲು ಬಂದು ನೋಡ್ಕೊಳ್ಳಿ ಅಂತ ಕೀ ಕೊಟ್ಟಿದ್ದಾಳೆ. ಟೂರಿಸ್ಟ್ ಬಸ್ ಓಡಿಸ್ತಿದ್ದೆ, ಈಗ ರಿಟೈರ್ಡು. ಅವಳನ್ನ ಬೈಬೇಡಿ, ನಾನು ದಿನಕ್ಕೊಂದು ಕಳಿಸಿದ್ದನ್ನೇ ಅವಳು ನಿಮಗೆ ಕಳಿಸ್ತಿದ್ಲು, ಹಳೇ ಫೋಟೋ ಅಂತ ಅವಳಿಗೂ ಗೊತ್ತಿಲ್ಲ."

"ಯಾಕೆ ಮೋಸ ಮಾಡಿದ್ರಿ?"

"ನೀವು ಹೋದ ಮಾರನೇ ದಿನದಿಂದ ಇದು ಬಾಗಿಲ ಹತ್ರ ಕೂತ್ಬಿಡ್ತು. ಊಟ ಬಿಡ್ತು. ಪ್ರಾಣಿ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ರೋಗ ಏನಿಲ್ಲ, ಹಟ ಅಂದ್ರು. ಹೊಟ್ಟೆ ಮೇಲೆ ಮಲಗಿಸ್ಕೊಂಡು ಬೆರಳಲ್ಲಿ ನೆಕ್ಕಿಸಿದ್ರೆ ಮಾತ್ರ ಒಂಚೂರು ತಿನ್ನುತ್ತೆ. ಆ ಫೋಟೋ ಕಳಿಸ್ಲಾ ನಿಮಗೆ?" ಅವನು ಮೊದಲ ಸಲ ಎದ್ದು ಕುಳಿತ. "ಮೊದಲನೇ ದಿನ ಚೆನ್ನಾಗಿತ್ತು ಮೇಡಂ. ಸಂಜೆಗೆ ನೀವು ಬರ್ತೀರಿ ಅಂತ ಇನ್ನೂ ನಂಬಿತ್ತು. ಅವತ್ತಿನ ಫೋಟೋಗಳು ಅವು."

ಅವಳ ಕಣ್ಣು ಬೆಕ್ಕಿನ ಮೇಲೆ ನೆಟ್ಟಿತು. ಆದರೆ ಅಷ್ಟು ಬೇಗ ಸೋಲುವ ಹೆಣ್ಣೇ?

"ಎದ್ದು ಹೊರಡಿ. ಈಗ್ಲೇ."

ಅವನು ಬೆಕ್ಕನ್ನು ಕೆಳಗಿಳಿಸಿ ಚೀಲ ಹುಡುಕತೊಡಗಿದ. ಅಷ್ಟರಲ್ಲಿ ಬೀದಿಯಿಂದ ಟೀಚರಮ್ಮನ ನಗು ಕೇಳಿಸಿತು. ಸಂಜೆಯ ವಾಕಿಂಗ್ ಗುಂಪು ಇತ್ತಲೇ ಬರುತ್ತಿತ್ತು. ಎಕ್ಸ್‌ರೇ ಮೇಡಂ ಹಾರಿ ಹೋಗಿ ಪರದೆ ಎಳೆದಳು. ಸೂಟ್‌ಕೇಸ್‌ಗಳನ್ನು ಸೋಫಾದ ಹಿಂದೆ ತಳ್ಳಿ, ತಾನೂ ಅವುಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು.

ಅವನು ಚೀಲ ಹಿಡಿದು ನಿಂತವನು, ಇಡೀ ನಾಟಕ ನೋಡಿದ.

"ಓ… ಬಂದಿರೋದು ಯಾರಿಗೂ ಗೊತ್ತಾಗ್ಬಾರ್ದಾ?"

ಅವಳು ಸೋಫಾದ ಹಿಂದಿನಿಂದ ತುಂಬ ಸಣ್ಣ ದನಿಯಲ್ಲಿ ಹೇಳಿದಳು, "ನಾಳೆ… ಬರುವಾಗ ಮೀನು ತನ್ನಿ. ಮುಳ್ಳಿಲ್ಲದ್ದು."

ಹೀಗೆ ಶುರುವಾಯಿತು ಆ ಹಾಸ್ಯಾಸ್ಪದ ಸಂಸಾರ. ಹಗಲೆಲ್ಲ ಅವನು ಬೆಕ್ಕು ಕಾಯುವವನಾಗಿ ಎಲ್ಲರ ಕಣ್ಣೆದುರು ಬರುವುದು, ಸಂಜೆ ತನ್ನ ಬಾಡಿಗೆ ಕೋಣೆಗೆ ಹೋಗುವುದು. ಅವಳು ಸ್ವಂತ ಮನೆಯಲ್ಲಿ ಕಳ್ಳಿಯಂತೆ ತುದಿಗಾಲಲ್ಲಿ ಓಡಾಡುವುದು. ಬಿಡುವಿಲ್ಲದ ತಂಗಿಯ ಮಗಳು ಅವನನ್ನು ಫೋನಿನಲ್ಲೇ ವಿಚಾರಿಸಿ ಸುಮ್ಮನಾಗುವುದು. ಉಳಿದ ವಾರಗಳನ್ನು ಹೀಗೇ ನೂಕಿ, ಕೊನೆಗೊಂದು ದಿನ ಸೂಟ್‌ಕೇಸ್ ಸಮೇತ ಬೀದಿಯ ತುದಿಯಿಂದ ಠೀವಿಯಾಗಿ ನಡೆದು ಬರಬೇಕೆಂಬುದು ಅವಳ ಲೆಕ್ಕಾಚಾರ. ಅರವತ್ತು ದಾಟಿದ ತಲೆಗೆ ಹೊಳೆದ ಉಪಾಯ ಇದು!

ಇಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸದ ದಿನವಿರಲಿಲ್ಲ.

"ಅಷ್ಟು ವರ್ಷ ಊರೂರು ಸುತ್ತಿದ್ರಲ್ಲ, ಒಂದು ಊರನ್ನಾದ್ರೂ ನೋಡಿದ್ದೀರಾ?"

"ಎಲ್ಲಾ ಊರಿನ ಪಾರ್ಕಿಂಗೂ ನೋಡಿದ್ದೀನಿ."

"ಛೀ, ಎಂಥ ಬದುಕ್ರೀ ಅದು."

"ನಿಮ್ಮದೇನು ಕಮ್ಮಿ? ಜನರ ಮೂಳೆ ನೋಡಿದ್ರಿ, ಮುಖ ನೋಡ್ಲಿಲ್ಲ."

ಅವಳು ಟೀ ಲೋಟವನ್ನು ಅವನ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಅವನು ಬರುವುದು ಸ್ವಲ್ಪ ತಡವಾದರೆ ಮಾತ್ರ ಪರದೆಯ ಸಂದಿಯಲ್ಲಿ ಒಂದು ಕಣ್ಣು ಕಾಯುತ್ತಿತ್ತು. 'ದೊರೆಯ ಮೀನಿಗಾಗಿ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ದೊರೆ ಉಣ್ಣತೊಡಗಿದ. ಆದರೆ ಆ ಬಸ್ ಡ್ರೈವರನ ಕೈಯಿಂದಲೇ. ಅವಳು ಬಟ್ಟಲು ಚಾಚಿದರೆ ಮೂಸಿ, ಮುಖ ತಿರುಗಿಸಿ, ಅವನ ತೊಡೆ ಏರುತ್ತಿದ್ದ. ಅವಳಿಗೆ ಅಸೂಯೆಯಾಗುತ್ತಿತ್ತು. ಬೆಕ್ಕಿನ ಮೇಲೋ, ಆ ತೊಡೆಯ ಮೇಲೋ, ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕೇಳಿಯೇಬಿಟ್ಟಳು. "ಪ್ರಾಣಿ ಸಾಕಿದ್ರಾ ಮುಂಚೆ?"

"ಒಂದು ನಾಯಿ ಇತ್ತು." ಅವನು ಬೆಕ್ಕಿನ ಹರಿದ ಕಿವಿ ಸವರುತ್ತಿದ್ದ. "ಹೆಂಡತಿ ಬೇಗ ಬಿಟ್ಟು ಹೋದ್ಲು. ಬರೋ ದಿನ ಗೊತ್ತಿಲ್ಲದೋನ ಜೊತೆ ಬಾಳೋಕಾಗಲ್ಲ ಅಂದ್ಲು. ನಿಜಾನೇ. ನಾಯಿಗೆ ಹಾಗೆ ಹೇಳೋಕೆ ಬರಲ್ವಲ್ಲ, ಕಾಯ್ತು. ನಾನೊಂದು ಉದ್ದದ ಟ್ರಿಪ್ ಮುಗಿಸಿ ಬಂದಾಗ ಇರಲಿಲ್ಲ. ಕೊನೇ ದಿನಗಳಲ್ಲಿ ಬಾಗಿಲ ಹತ್ರಾನೇ ಇತ್ತಂತೆ. ನನಗೆ ಯಾರೂ ಫೋಟೋ ಕಳಿಸ್ಲಿಲ್ಲ."

ಅವನ ಕೈಯ ಪಕ್ಕದಲ್ಲೇ ಅವಳ ಕೈ ಇತ್ತು. ಒಂದಿಷ್ಟು ಸರಿಸಿದ್ದರೆ ಸಾಕಿತ್ತು…

"ಮೇಡಂ," ಅವನು ಮೆಲ್ಲಗೆ ಅಂದ, "ಪರದೆ ತೆಗೀರಿ. ಬೆಕ್ಕು ಬಿಟ್ಟಿರೋಕಾಗ್ಲಿಲ್ಲ, ಬಂದೆ ಅಂತ ಹೇಳಿ. ಅದ್ರಲ್ಲಿ ಮಾನ ಹೋಗೋದೇನಿದೆ?"

ಮುಟ್ಟಬಾರದ ಜಾಗವನ್ನೇ ಮುಟ್ಟಿದ್ದ. ಅವಳು ಸೆಟೆದು ನಿಂತಳು.

"ಬೆಕ್ಕು ಕಾಯೋರಿಗೆ ಮಾನದ ವಿಷಯ ಏನ್ರೀ ಗೊತ್ತು?"

ಅವನು ಬಟ್ಟಲು ತೊಳೆದಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದ. ಆ ಮಾತನ್ನು ಹಿಂದಕ್ಕೆ ನುಂಗಲು ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಆದರೆ ಕರೆಯಲಿಲ್ಲ. ಬೀದಿಗೆ ಕೇಳಿಸಿದರೆ?

ಮರುದಿನ ಬಂದ. "ಮೀನು ತಂದಿದ್ದೀನಿ ಮೇಡಂ" ಎಂದಷ್ಟೇ ಹೇಳಿ ಕೆಲಸಕ್ಕೆ ಇಳಿದ. ಚುಚ್ಚು ಮಾತಿಲ್ಲ, ತಮಾಷೆಯಿಲ್ಲ. ಅವನ ಸಭ್ಯತೆ ಅವಳನ್ನು ಕೊಂದುಹಾಕುವಂತಿತ್ತು.

ಆಗಲೇ ಕರೆಗಂಟೆ ಸದ್ದು ಮಾಡಿತು.

ಅವಳು ದೊರೆಯನ್ನು ಎತ್ತಿಕೊಂಡು ಮಲಗುವ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಟೀಚರಮ್ಮ ಇಡೀ ಗುಂಪಿನೊಂದಿಗೆ ಒಳಗೆ ನುಗ್ಗಿದ್ದರು.

"ಏನ್ರೀ, ಮನೆಯೊಡತಿ ಊರಲ್ಲಿಲ್ಲ. ಒಳಗಡೆ ಹೆಂಗಸಿನ ದನಿ ಕೇಳ್ಸುತ್ತೆ. ಹಿಂದುಗಡೆ ಹಗ್ಗದ ಮೇಲೆ ಹೆಂಗಸಿನ ಬಟ್ಟೆ ಒಣಗ್ತಿದೆ. ಏನಿದು ಕಥೆ?"

ಅವನು ಕೈಯಲ್ಲಿದ್ದ ಬಟ್ಟಲನ್ನು ಟೇಬಲ್ಲಿನ ಮೇಲಿಟ್ಟ.

"ನಂಬಿ ಕೀ ಕೊಟ್ಟೋರ ಮನೇಲಿ ಯಾರನ್ನೋ ತಂದು ಇಟ್ಕೊಂಡಿದ್ದೀರಲ್ಲ, ನಾಚಿಕೆ ಆಗಲ್ವಾ? ಈ ವಯಸ್ಸಲ್ಲಿ?"

"ಮುಖ ನೋಡಿದ್ರೇ ಗೊತ್ತಾಗಲ್ವಾ," ಎಂದರು ಪಕ್ಕದಲ್ಲಿದ್ದ ಮಾಜಿ ಮ್ಯಾನೇಜರ್. "ಊರೂರು ಅಲೆದ ಜಾತಿ."

ಕೋಣೆಯೊಳಗೆ ಅವಳು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಹೇಳಿಬಿಡಿ… ಒಂದು ಮಾತು ಸಾಕು. ಬಾಗಿಲು ತಳ್ಳಿ ನನ್ನನ್ನು ತೋರಿಸಿಬಿಡಿ. ನಿನ್ನೆ ನಾನಾಡಿದ ಮಾತಿಗೆ ಅದೇ ಸರಿಯಾದ ಉತ್ತರ.

ಅವನು ಹೇಳಲಿಲ್ಲ.

"ತಪ್ಪಾಯ್ತು," ಎಂಬುದು ಕೇಳಿಸಿತು. ಟೇಬಲ್ಲಿನ ಮೇಲೆ ಕೀ ಇಟ್ಟ ಸದ್ದು. "ಹೊರಡ್ತೀನಿ. ಯಾರಾದ್ರೂ ಬೆಕ್ಕಿಗೆ ಮೀನು ಹಾಕಿ. ಬೆಚ್ಚಗಿರ್ಬೇಕು, ಇಲ್ದಿದ್ರೆ ಅವನು ಮುಟ್ಟಲ್ಲ."

'ಅವನು' ಅಂದ. ದೊರೆಯನ್ನು ಇಷ್ಟು ದಿನ 'ಇದು' ಎನ್ನುತ್ತಿದ್ದವನು!

ಅವಳು ಬಾಗಿಲು ತೆರೆದಳು. ಕೆದರಿದ ಕೂದಲು, ಮಾಸಿದ ಮನೆಬಟ್ಟೆ, ಬರಿಗಾಲು, ಕಂಕುಳಲ್ಲಿ ಬೆಕ್ಕು. ಠೀವಿ ಎಂಬುದರ ಸುಳಿವೂ ಇರಲಿಲ್ಲ.

"ಆ ಹೆಂಗಸು ನಾನೇ."

ಅವಳು ಗುಂಪಿನ ನಡುವೆ ಬಂದು ಅವನ ಪಕ್ಕ ನಿಂತಳು.

"ಬಂದು ಎಷ್ಟೋ ದಿನ ಆಯ್ತು. ಈ ದೊರೆನ ಬಿಟ್ಟಿರೋಕಾಗ್ಲಿಲ್ಲ, ಓಡಿ ಬಂದೆ. ನೀವು ನಗ್ತೀರಿ ಅಂತ ಬಚ್ಚಿಟ್ಕೊಂಡೆ. ಇವರು ನನಗೋಸ್ಕರ ಬೈಸ್ಕೊಂಡ್ರು. ನಿಮ್ಮ ಗಿಳಿಗೆ ನಾನು ನಕ್ಕಿದ್ದೆ ಟೀಚರಮ್ಮ. ಈಗ ನೀವು ನಕ್ಕುಬಿಡಿ."

ಟೀಚರಮ್ಮ ನಕ್ಕರು. ಸಿಕ್ಕ ಅವಕಾಶ ಬಿಡುವವರೇ ಅಲ್ಲ ಅವರು. ಮ್ಯಾನೇಜರೂ ನಕ್ಕರು, ಹಿಂದಿದ್ದವರೂ ಮನಸಾರೆ ನಕ್ಕರು. ತಿಂಗಳುಗಟ್ಟಲೆ ಆಡಿಕೊಳ್ಳುವುದಕ್ಕೆ ಸಾಕಾಗುವಷ್ಟು ಸರಕು ಕೈಗೆ ಸಿಕ್ಕಿತ್ತು. ಅವಳು ಕಣ್ಣು ತಗ್ಗಿಸದೆ ಅಷ್ಟನ್ನೂ ಕೇಳಿಸಿಕೊಂಡಳು. ಆಶ್ಚರ್ಯವೆಂದರೆ, ಅಂಥ ನೋವೇನೂ ಆಗಲಿಲ್ಲ.

"ಅದು ಸರಿ," ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದರು, "ಇವರು ನಿಮಗೆ ಯಾರು ಈಗ?"

"ಅದನ್ನ ಇವರನ್ನೇ ಇನ್ನೂ ಕೇಳಿಲ್ಲ. ನೀವೆಲ್ಲ ಹೊರಟ್ರೆ ಕೇಳ್ತೀನಿ."

ಗುಂಪು ಒಲ್ಲದ ಮನಸ್ಸಿನಿಂದ ಮೆಟ್ಟಿಲಿಳಿಯಿತು. ಅವನೂ ಚೀಲ ಎತ್ತಿಕೊಂಡಿದ್ದ.

"ನೀವೆಲ್ಲಿಗೆ?" ಅವಳು ಬಾಗಿಲಿಗೆ ಅಡ್ಡ ನಿಂತಳು. "ಯಾಕೆ ಬಾಯಿ ಬಿಡ್ಲಿಲ್ಲ? ನಿಮ್ಮ ಮಾನ ಹೋಗ್ತಿತ್ತು."

"ನಿಮ್ಮದು ಉಳೀತಿತ್ತಲ್ಲ."

ಅವಳ ಕಣ್ಣು ತುಂಬಿ ಬಂತು. "ನಿನ್ನೆ ಅಂದಿದ್ದು… ತುಂಬ ಕೆಟ್ಟ ಮಾತು. ಕ್ಷಮಿಸ್ಬಿಡಿ. ನೀವು ಬರೋದು ತಡ ಆದ್ರೆ ನಾನೂ ಬಾಗಿಲ ಹತ್ರಾನೇ ಕೂತಿರ್ತೀನಿ. ಮೀನಿಗೋಸ್ಕರ ಅಲ್ಲ."

ಅವನ ಕೈಯಿಂದ ಚೀಲ ಜಾರಿ ನೆಲಕ್ಕೆ ಬಿತ್ತು. ದೊರೆ ಅವಳ ತೋಳಿನಿಂದ ಧುಮುಕಿ, ಚೀಲವನ್ನು ಮೂಸಿ, ಅದರ ಮೇಲೆಯೇ ಕುಳಿತುಕೊಂಡ.

"ಇನ್ಮೇಲೆ ಸಂಜೆ ಹೋಗೋದು ಬೇಡ," ಅವಳು ಅಂದಳು. "ಇಲ್ಲೇ ಇದ್ದುಬಿಡಿ. ಟೂರಲ್ಲಿ ನಮ್ಮಂಥೋರು ಎಷ್ಟು ದಿನ ಖುಷಿಯಾಗಿರ್ತಾರೆ ಅಂತ ನಿಮಗೆ ಗೊತ್ತು. ಮನೇಲಿ ಎಷ್ಟು ದಿನ ಇರ್ತಾರೆ?"

ಅವನು ತಲೆಯೆತ್ತಿ ಅವಳ ಮುಖ ನೋಡಿದ.

"ಗೊತ್ತಿಲ್ಲ ಮೇಡಂ. ನಾನು ಇದ್ದು ನೋಡೇ ಇಲ್ಲ."

ಅವಳು ಕಿಟಕಿಯ ಬಳಿ ಹೋಗಿ, ಇಷ್ಟು ದಿನ ಮುಚ್ಚಿದ್ದ ಪರದೆಯನ್ನು ಪೂರ್ತಿ ಸರಿಸಿದಳು. ಬೆಳಕು ನೆಲದ ಮೇಲೆ ಬಿತ್ತು. ಟೇಬಲ್ಲಿನ ಮೇಲಿದ್ದ ಕೀ ತೆಗೆದು ಅವನ ಅಂಗೈಯಲ್ಲಿಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಇದ್ದು ನೋಡಿ," ಅಂದಳು.