ಮುಂದಿನ ವರ್ಷದ ಮಾತು

"ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

ಕೇಕಿನ ಮೇಲೆ ಕ್ರೀಮಿನ ಗುಲಾಬಿ ಅರಳಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕೇಳಿ."

"ನಾನು ಬಂದು ಕೆಲಸ ಶುರು ಮಾಡಿದ ತಕ್ಷಣ ನೀವು ಎದ್ದು ಹಿತ್ತಲಿಗೆ ಹೋಗಿಬಿಡ್ತೀರಿ. ನನ್ನ ಮೈಯಿಂದ ಏನಾದ್ರೂ ವಾಸನೆ ಬರುತ್ತಾ?"

ಅವಳ ಕೈಯಲ್ಲಿದ್ದ ಕ್ರೀಮಿನ ಚೀಲ ಜಾರಿತು. ಗುಲಾಬಿ ಹೋಗಿ ಎಲೆಕೋಸಾಯಿತು.

ಕೇಳಿದವನು ಓವನ್ ರಿಪೇರಿಯವನು. ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಓವನ್ನಿನ ಪಕ್ಕೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಅದರ ನರಳಾಟ ಕೇಳುತ್ತಿದ್ದ. ಅದಕ್ಕೇ ಬೇಕರಿಯವರೆಲ್ಲ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಅವಳ ಕೈಯ ಹೂಗಳನ್ನು ನೋಡಿ ಅವಳಿಗೂ ಗುಲಾಬಿ ಎಂದೇ ಹೆಸರಿಟ್ಟಿದ್ದರು.

"ವಾಸನೆ ಬರುತ್ತೆ. ಆದ್ರೆ ನಿಮ್ಮದಲ್ಲ," ಎಂದಳು.

"ಮತ್ತೆ ಯಾರದ್ದು?"

ಅವಳು ಎಲೆಕೋಸನ್ನು ಚಾಕುವಿನಿಂದ ಕೆರೆದು ತೆಗೆದಳು. ಅವನು ಕಾಲರ್ ಎಳೆದು ಮೂಸಿ ನೋಡಿಕೊಳ್ಳುತ್ತಾ ಹೊರಟುಹೋದ.

ಮುಂದಿನ ಸಲ ಬರುವಾಗ ಮೈತುಂಬ ಸೆಂಟು ಸುರಿದುಕೊಂಡು ಬಂದ. ಗಲ್ಲಾದಲ್ಲಿದ್ದ ಯಜಮಾನಿಗೆ ಸೀನಿನ ಮೇಲೆ ಸೀನು. ಆದರೂ ಅವನು ಸ್ಟೋರ್ ರೂಮಿನ ಬಾಗಿಲು ತೆಗೆದಿದ್ದೇ ತಡ, ಗುಲಾಬಿ ಮತ್ತೆ ಎದ್ದು ಹಿತ್ತಲಿಗೆ ಹೋದಳು. ಹಿಂದೆಯೇ ಬಂದವನು ದೂರದಲ್ಲಿ ನಿಂತು, "ಇದೂ ಆಗ್ಲಿಲ್ವಾ?" ಎಂದ.

ಫೇಲಾದ ಹುಡುಗನ ಮುಖ. ಹುಬ್ಬಿಗೆ ಮೈದಾ ಹಿಟ್ಟು, ಕಿವಿಯ ಹಾಲೆಗೆ ಗ್ರೀಸು. ಅವಳಿಗೆ ನಗು ತಡೆಯಲಾಗಲಿಲ್ಲ. ತಾನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದು ನೆನಪಾಗಿ, ನಗು ಅರ್ಧಕ್ಕೇ ನಿಂತಿತು. ಈ ಪಾಪದವನು ಇನ್ನೊಂದು ಸೆಂಟಿನ ಬಾಟಲಿ ಕೊಳ್ಳುವ ಮೊದಲು ಹೇಳಿಬಿಡಬೇಕು.

"ನಿಮ್ಮ ತಪ್ಪಿಲ್ಲ ಡಾಕ್ಟ್ರೇ. ಓವನ್ನಿನ ಸ್ವಿಚ್ ಬೋರ್ಡ್ ಇರೋದು ಆ ಸ್ಟೋರಿನಲ್ಲಿ. ಅಲ್ಲೇ ಕೇಕಿನ ಹಣ್ಣು ರಮ್ಮಿನಲ್ಲಿ ನೆನೆಸಿಟ್ಟಿದಾರೆ. ನೀವು ಬಾಗಿಲು ತೆಗೆದ್ರೆ ಆ ವಾಸನೆ ಹೊರಗೆ ಬರುತ್ತೆ." ಕೈಗಂಟಿದ ಕ್ರೀಮು ಒರೆಸಿಕೊಂಡಳು. "ನಾನು ಕುಡೀತಿದ್ದೆ. ಈಗ ಬಿಟ್ಟಿದೀನಿ. ಆದ್ರೆ ಆ ವಾಸನೆ ಬಂದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

ಇಷ್ಟು ಹೇಳಿದ ಮೇಲೆ ಜನರ ಮುಖ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೆಲವರು ಅಯ್ಯೋ ಎನ್ನುತ್ತಿದ್ದರು. ಕೆಲವರು ಗೊತ್ತಾಗದ ಹಾಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವಳು ಉಸಿರು ಹಿಡಿದು ಕಾದಳು.

"ಬಾಗಿಲು ತೆಗೆದಿಟ್ಟೇ ಬಂದಿದೀನಲ್ಲ!" ಎನ್ನುತ್ತಾ ಅವನು ಒಳಗೆ ಓಡಿದ.

ಮುಂದಿನ ವಾರದ ರಜೆಯ ದಿನ ಅವನು ಒಬ್ಬನೇ ಬಂದು, ಗೋಡೆ ಕೊರೆದು, ವೈರು ಎಳೆದು, ಆ ಬೋರ್ಡನ್ನು ಸ್ಟೋರಿನಿಂದ ತೆಗೆದು ಹೊರಗಿನ ಗೋಡೆಗೆ ಕೂರಿಸಿದ. "ಒಳಗೆ ಗಾಳಿ ಆಡಲ್ಲಮ್ಮಾ, ಬೋರ್ಡಿಗೆ ಒಳ್ಳೇದಲ್ಲ," ಎಂದು ಯಜಮಾನಿಗೆ ಹೇಳಿದ. "ಬೋರ್ಡಿಗೆ ತಾನೇ?" ಎಂದು ಕೇಳಿ ಆಕೆ ಗಲ್ಲಾದ ಕಡೆ ಮುಖ ತಿರುಗಿಸಿ ನಕ್ಕಳಂತೆ. ಮರುದಿನ ಬೆಳಿಗ್ಗೆ ಗುಲಾಬಿ ಕೆಲಸಕ್ಕೆ ಬಂದಾಗ ಬೋರ್ಡಿನ ಸುತ್ತ ಮೆತ್ತಿದ ಸಿಮೆಂಟು ಇನ್ನೂ ಹಸಿಯಾಗಿತ್ತು. ಅವಳು ಅದರ ಅಂಚನ್ನು ಬೆರಳಿನಿಂದ ಮುಟ್ಟಿ, ಯಾರಾದರೂ ನೋಡಿದರೇನೋ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಓವನ್ನಿಗೆ ಯಾಕೋ ಪದೇಪದೇ ಹುಷಾರು ತಪ್ಪತೊಡಗಿತು. ಹಿತ್ತಲಿನ ಮೆಟ್ಟಿಲ ಮೇಲೆ ಇಬ್ಬರಿಗೂ ಟೀ. ನಡುವೆ ಅವನ ಚೀಲ. ದಿನ ಕಳೆದ ಹಾಗೆ ಚೀಲ ಒಂದು ಮೆಟ್ಟಿಲು ಕೆಳಗಿಳಿಯಿತು.

"ನಿಮ್ಮ ಪೇಷಂಟಿಗೆ ಏನಾಗಿದೆ?" ಎಂದು ಅವಳು ಕೇಳುವಳು.

"ದೊಡ್ಡ ಕಾಯಿಲೆ ಏನಿಲ್ಲ. ಆಗಾಗ ಬಂದು ನೋಡ್ತಾ ಇರ್ಬೇಕು," ಎಂದು ಅವನು ಟೀ ಲೋಟದೊಳಗೆ ನೋಡುತ್ತಾ ಹೇಳುವನು. ಆಮೇಲೆ ಓರೆಗಣ್ಣಿನಲ್ಲಿ ಅವಳ ಕಡೆ. ಅವಳು ಅಷ್ಟರಲ್ಲಿ ಅದನ್ನು ನೋಡಿಬಿಟ್ಟಿರುತ್ತಿದ್ದಳು.

ಒಂದೇ ತೊಂದರೆ, ಅವನ ಬಾಯಲ್ಲಿ ಯಾವಾಗಲೂ ಮುಂದಿನ ಮಾತು. ಮುಂದಿನ ತಿಂಗಳು ಅಲ್ಲಿಗೆ ಹೋಗೋಣ, ಮುಂದಿನ ವರ್ಷ ಹೀಗೆ ಮಾಡೋಣ. ಅವನು ಹಗುರವಾಗಿ ಆಡಿದ ಆ ಮಾತು ಅವಳಿಗೆ ಭಾರವಾಗುತ್ತಿತ್ತು. ಕುಡಿಯುತ್ತಿದ್ದ ಕಾಲದಲ್ಲಿ ಅವಳು ಅತಿ ಹೆಚ್ಚು ಬಳಸಿದ ಪದವೇ ನಾಳೆ. ನಾಳೆಯಿಂದ ಬಿಡ್ತೀನಿ ಅಕ್ಕಾ. ನಾಳೆ ಕೆಲಸಕ್ಕೆ ಹೋಗ್ತೀನಿ. ನಾಳೆ ನೋಡು ಬೇಕಾದ್ರೆ. ದೊಡ್ಡ ಹೋಟೆಲಿನ ಕೇಕ್ ವಿಭಾಗದ ಕೆಲಸ, ನಿಶ್ಚಯವಾಗಿದ್ದ ಒಂದು ಸಂಬಂಧ, ಎಲ್ಲವೂ ಆ ನಾಳೆಗಳ ಹಿಂದೆಯೇ ಹೋಗಿದ್ದವು. ಚಿಕಿತ್ಸೆಗೆ ಸೇರಿದ ಮೇಲೆ ಅಲ್ಲಿಯವರು, ಇವತ್ತೊಂದು ದಿನ ನೋಡಿಕೊಳ್ಳಿ ಸಾಕು ಎಂದಿದ್ದರು. ಅವಳು ಅದನ್ನೇ ಗಟ್ಟಿಯಾಗಿ ಹಿಡಿದಿದ್ದಳು. ಸಂಜೆಯಿಂದಾಚೆ ಯೋಚಿಸುತ್ತಿರಲಿಲ್ಲ.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಂಗಿ ಬಂದ ಕೂಡಲೇ ಹತ್ತಿರ ಬಂದು ಕೂದಲು ಸರಿಮಾಡುವಳು. ಪ್ರೀತಿ ಸುಳ್ಳಲ್ಲ, ಆದರೆ ಆಗ ಅಕ್ಕನ ಮೂಗಿನ ಹೊಳ್ಳೆ ಸಣ್ಣಗೆ ಅರಳುವುದು ಕಾಣುತ್ತಿತ್ತು. ಡಾಕ್ಟ್ರ ವಿಷಯ ತಿಳಿದಾಗ ಅಕ್ಕ, "ಒಳ್ಳೆಯವನ ಥರ ಇದಾನೆ ಪುಟ್ಟಿ. ಅದಕ್ಕೇ ನಂಗೆ ಹೆದ್ರಿಕೆ," ಎಂದಳು.

"ಅವರ ಬಗ್ಗೆನಾ, ನನ್ನ ಬಗ್ಗೆನಾ?"

ಅಕ್ಕ ಬಟ್ಟೆ ಮಡಚತೊಡಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅವನು ಟೀ ಮುಟ್ಟದೆ ಕುಳಿತ. "ನಂಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಬೇಕರಿಗಳ ಓವನ್ನೆಲ್ಲ ನಾನೇ ನೋಡ್ಕೋಬೇಕು. ಇರೋದಕ್ಕೆ ಒಂದು ಮನೆ ನೋಡಿದೀನಿ, ಅದರ ಕೆಳಗೆ ಒಂದು ಅಂಗಡಿ ಖಾಲಿ ಇದೆ. ಚಿಕ್ಕದು. ಕೇಕ್ ಮಾಡೋವ್ರಿಗೆ ಸಾಕು ಅನ್ಸುತ್ತೆ." ಕಿವಿ ಕೆಂಪಾಗಿತ್ತು. "ಭಾನುವಾರ ಬಂದು ನೋಡ್ತೀರಾ? ಅಂಗಡೀನ. ಆಮೇಲೆ... ನನ್ನನ್ನೂ."

"ನಿಮ್ಮನ್ನ ದಿನಾ ನೋಡ್ತಿದೀನಲ್ಲ."

"ಹಾಗಲ್ಲ."

ಹಾಗಲ್ಲ ಎಂದು ಅವಳಿಗೂ ಗೊತ್ತಿತ್ತು. ಬರ್ತೀನಿ ಎಂದುಬಿಟ್ಟಳು. ಹೇಳಿದ ಮರುಕ್ಷಣದಿಂದಲೇ ಎದೆ ಡವಗುಟ್ಟತೊಡಗಿತು.

ಭಾನುವಾರ ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರಬೇಕು. ಅವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೊರಟಳು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಚಿತ್ರ. ಆ ಅಂಗಡಿ, ಆ ಮನೆ, ಎಲ್ಲ ಸರಿಹೋದ ಮೇಲೆ ಒಂದು ದಿನ ನೆಲದ ಮೇಲೆ ಬಿದ್ದಿರುವ ತಾನು, ಬಾಗಿಲಲ್ಲಿ ಅವನ ಮುಖ. ಅದನ್ನು ತಲೆಯಿಂದ ಓಡಿಸಲು ಬೇಗ ನಡೆದಳು, ಇನ್ನೂ ಬೇಗ ನಡೆದಳು. ಕಾಲು ನಿಂತಾಗ ಎದುರಿಗೆ ವೈನ್ ಶಾಪು. ಆಗಷ್ಟೇ ಶಟರ್ ಎತ್ತುತ್ತಿದ್ದರು.

ಒಂದೇ ಒಂದು ಗುಟುಕು. ಕೈ ನಡುಗುವುದು ನಿಲ್ಲುತ್ತದೆ, ಅವನ ಎದುರು ನೆಟ್ಟಗೆ ಮಾತಾಡಬಹುದು. ಎಷ್ಟು ಹಳೆಯ ಮಾತು, ಎಷ್ಟು ಹೊಸದಾಗಿ ಕೇಳಿಸಿತು.

ಅವಳು ಫೋನ್ ತೆಗೆದಳು.

"ಎಲ್ಲಿದೀರಿ? ಬಸ್ಸು ಬಂತು," ಎಂದಿತು ಅವನ ದನಿ.

"ಅಂಗಡಿ ಮುಂದೆ ನಿಂತಿದೀನಿ."

"ಯಾವ ಅಂಗಡಿ?"

ಅವಳು ಹೇಳಲಿಲ್ಲ. ಅವನಿಗೆ ತಿಳಿಯಿತು. "ಒಳಗೆ ಹೋದ್ರಾ?"

"ಇಲ್ಲ. ಹೋಗ್ತೀನೇನೋ ಅಂತ ಭಯ."

"ಅಲ್ಲೇ ಇರು. ಅಲ್ಲಾಡ್ಬೇಡ. ಯಾವ ರಸ್ತೆ ಹೇಳು, ಬಂದೆ." ಮೊದಲ ಸಲ ಏಕವಚನ. ಅಂಥ ಹೊತ್ತಿನಲ್ಲೂ ಅವಳ ಕಿವಿ ಅದನ್ನು ಹಿಡಿಯಿತು. "ಅಕ್ಕನಿಗೂ ಫೋನ್ ಮಾಡ್ಲಾ?"

"ಆಮೇಲೆ ನಾನೇ ಹೇಳ್ತೀನಿ. ನೀವು ಬನ್ನಿ. ಬರೋ ತನಕ ಫೋನ್ ಇಡ್ಬೇಡಿ, ಏನಾದ್ರೂ ಮಾತಾಡ್ತಾ ಇರಿ."

ಓಡುತ್ತಾ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಏದುಸಿರಿನ ನಡುವೆ ಯಾವುದೋ ಓವನ್ನಿನ ಫ್ಯಾನು, ಅದರಲ್ಲಿ ಸಿಕ್ಕಿಕೊಂಡಿದ್ದ ಯಾರದೋ ಕಾಲುಚೀಲ, ತಲೆಬುಡವಿಲ್ಲದ ಕಥೆ. ಶಟರ್ ಪೂರ್ತಿ ಮೇಲೆ ಹೋಯಿತು. ಅವಳು ಅದಕ್ಕೆ ಬೆನ್ನು ಮಾಡಿ ನಿಂತಳು.

"ಡಾಕ್ಟ್ರೇ, ನೀವು ನೋಡಿರೋ ಅಂಗಡಿಗೆ ಕಿಟಕಿ ಇದೆಯಾ?"

"ಹಾಂ?"

"ಕಿಟಕಿ. ಬೆಳಕು ಬೇಕು ನಂಗೆ. ಟ್ಯೂಬ್‌ಲೈಟಿನಲ್ಲಿ ಕ್ರೀಮಿನ ಬಣ್ಣ ಸರಿಯಾಗಿ ಗೊತ್ತಾಗಲ್ಲ."

"ಇದೆ... ಒಂದಿದೆ. ರಸ್ತೆ ಕಡೆಗೆ."

"ಹಾಗಾದ್ರೆ ಟೇಬಲ್ ಅದರ ಪಕ್ಕ ಇಡ್ಬೇಕು. ನಾನು ಕೇಕ್ ಮೇಲೆ ಹೂ ಬಿಡಿಸೋದನ್ನ ಶಾಲೆ ಮಕ್ಕಳು ಹೊರಗಿಂದ ನೋಡ್ಬೇಕು. ಗಾಜಿಗೆ ಮೂಗೊತ್ತಿ ಕಲೆ ಮಾಡ್ತಾರೆ, ದಿನಾ ಒರೆಸ್ಬೇಕಾಗುತ್ತೆ." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಮಾತು ನಿಲ್ಲಲಿಲ್ಲ. "ನೀವು ಮಧ್ಯಾಹ್ನ ಊಟಕ್ಕೆ ಬರ್ತೀರಿ. ಗ್ರೀಸ್ ಕೈಯಲ್ಲಿ ಏನನ್ನೂ ಮುಟ್ಬೇಡಿ ಅಂತ ನಾನು ಬೈತೀನಿ. ನೀವು ಬೇಕಂತ್ಲೇ ಮುಟ್ತೀರಿ."

"ಮುಟ್ಟಲ್ಲ, ದೇವ್ರಾಣೆ."

"ಮುಟ್ತೀರಿ. ನಂಗೊತ್ತು."

ಫೋನಿನ ದನಿಯೂ ರಸ್ತೆಯ ದನಿಯೂ ಒಂದಾದಾಗ ಅವಳು ತಿರುಗಿದಳು. ಅವನು ಬೆವರಿನಲ್ಲಿ ತೊಯ್ದು, ಮೊಣಕಾಲಿಗೆ ಕೈಯೂರಿ ನಿಂತಿದ್ದ. ಅವಳು ಕೈ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ಮತ್ತೆ ಕುಡಿದುಬಿಟ್ರೆ?"

"ಗೊತ್ತಿಲ್ಲ. ನಂಗೂ ಭಯ ಇದೆ. ಹಾಗಾಗಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆದ್ರೆ ಇವತ್ತಿನ ಥರ ಫೋನ್ ಮಾಡು. ಅಷ್ಟು ಸಾಕು ನಂಗೆ."

"ಯಾವಾಗ್ಲೂ ಮಾಡೋಕೆ ಆಗ್ದೇ ಇರಬಹುದು."

"ಆಗ ನಾನು ಹುಡುಕ್ತೀನಿ. ಅಕ್ಕನೂ ಇದಾರೆ. ನಿನ್ನ ಚಿಕಿತ್ಸೆಯವರು ಆ ಊರಲ್ಲೂ ಇದಾರಂತೆ, ವಿಚಾರಿಸಿದೀನಿ." ಹೇಳಿದ ಮೇಲೆ ಅವನಿಗೇ ಸಂಕೋಚವಾಯಿತು. "ಕೇಳ್ದೆ ವಿಚಾರಿಸಿದ್ದಕ್ಕೆ ಕೋಪನಾ?"

ಅವಳು ಅವನ ಮುಖವನ್ನೇ ನೋಡುತ್ತಾ ತಲೆಯಾಡಿಸಿದಳು. ಇಲ್ಲ. ನಿಂತಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಆ ಕಡೆಯಿಂದ ಅಳು, ಮೂಗು ಸೇದುವ ಸದ್ದು, ಕೊನೆಗೆ, "ಹೋಗಿ ನೋಡ್ಕೊಂಡು ಬಾ."

ಆ ಬಸ್ಸು ತಪ್ಪಿತ್ತು. ಮುಂದಿನ ಬಸ್ಸಿನಲ್ಲಿ ಸೀಟು ಒಂದೇ ಸಿಕ್ಕಿತು. ಒಬ್ಬರನ್ನೊಬ್ಬರು ಕೂರಿಸುವ ಜಗಳದಲ್ಲಿ ಆ ಸೀಟನ್ನು ಮೂರನೆಯವರು ಹಿಡಿದರು. ನಿಂತೇ ಹೋದರು.

ಅಂಗಡಿ ಅವನು ಹೇಳಿದ್ದಕ್ಕಿಂತಲೂ ಚಿಕ್ಕದು. ಗೋಡೆಯ ಸುಣ್ಣ ಉದುರಿತ್ತು, ಕಿಟಕಿಯ ಒಂದು ರೆಕ್ಕೆ ತೆರೆಯುತ್ತಿರಲಿಲ್ಲ. ಗುಲಾಬಿ ಒಳಗೆಲ್ಲ ಒಂದು ಸುತ್ತು ಬಂದು, ಗೇಣು ಹಾಕಿ ಟೇಬಲ್ಲಿನ ಜಾಗ ಅಳೆದಳು. ಕಟ್ಟಡದ ಒಡತಿ ಅಜ್ಜಿ ಬೀಗದ ಕೈ ಆಡಿಸುತ್ತಾ, "ಯಾವಾಗ ಬರ್ತೀರಮ್ಮಾ? ಬೇರೆಯವ್ರೂ ಕೇಳ್ತಿದಾರೆ," ಎಂದರು.

ಅವನು ಬಾಯಿ ತೆರೆದು, ಮುಚ್ಚಿಕೊಂಡ. ಅವಳ ಕಡೆ ನೋಡಲೂ ಇಲ್ಲ. ಅರ್ಧ ಎತ್ತಿದ್ದ ಶಟರಿನ ಚಿಲಕವನ್ನು ಪರೀಕ್ಷಿಸುವವನಂತೆ ಬಗ್ಗಿದ.

ಅವಳ ಎದೆಯ ಡವಡವ ನಿಂತಿರಲಿಲ್ಲ. ಬಹುಶಃ ಅದು ಪೂರ್ತಿ ನಿಲ್ಲುವುದೇ ಇಲ್ಲವೇನೋ.

"ಮಳೆಗಾಲ ಮುಗಿದ ಮೇಲೆ ಅಜ್ಜಿ," ಎಂದಳು. "ಇಬ್ರೂ ಬರ್ತೀವಿ."

ಬಗ್ಗಿದ್ದವನು ಥಟ್ಟನೆ ಎದ್ದ. ತಲೆ ಶಟರಿಗೆ ಬಡಿದು ಇಡೀ ಬೀದಿಗೆ ಕೇಳುವಂತೆ ಸದ್ದಾಯಿತು. ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಅವನು ನಗುತ್ತಾ ನಿಂತ. ಅಜ್ಜಿ ಗಾಬರಿಯಿಂದ ನೀರು ತರಲು ಒಳಗೆ ಹೋದರು. ಅವಳು ಹತ್ತಿರ ಹೋಗಿ, ಅವನ ನೆತ್ತಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಉಜ್ಜಿದಳು. ಅಜ್ಜಿ ನೀರು ತಂದ ಮೇಲೂ ಕೈ ತೆಗೆಯಲಿಲ್ಲ.