ನಡುವಿನ ಎಳೆ ಕದ್ದವರು ಯಾರು?

"ಮಾವಾ, ಕಳ್ಳತನ ಆಗಿದೆ!"

ಸಂಶೋಧಕಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿ ಬಂದಳು. ವಿಭಾಗದ ಸಂಖ್ಯಾಶಾಸ್ತ್ರಜ್ಞರು ಅವಳ ಮಾವನೇನಲ್ಲ. ಇಡೀ ವಿಭಾಗಕ್ಕೇ ಅವರು 'ಸರಾಸರಿ ಮಾವ'. ಹನ್ನೊಂದಕ್ಕೆ ಅವಳ ಮೌಖಿಕ ಪರೀಕ್ಷೆ. ಈಗ ಒಂಬತ್ತೂವರೆ.

ನೂರನಲವತ್ತು ಕಂಪನಿ, ಮೂರು ವರ್ಷದ ದುಡಿಮೆ. ತರಬೇತಿ ಕೊಟ್ಟರೆ ನೌಕರರ ನಂಬಿಕೆ ಹೆಚ್ಚುತ್ತದೆ, ಆ ನಂಬಿಕೆಯಿಂದ ಲಾಭ ಹೆಚ್ಚುತ್ತದೆ ಎಂಬುದು ಅವಳ ಪ್ರಬಂಧ. ನಂಬಿಕೆಯೇ ನಡುವಿನ ಎಳೆ. ಅದೇ ಮಾಯವಾಗಿತ್ತು.

"ಧೈರ್ಯಕ್ಕೆ ಅಂತ ಇನ್ನೊಂದ್ಸಲ ಲೆಕ್ಕ ಓಡಿಸಿದೆ. ಇದೇ ಅಂಕಿಗಳಿಂದ ಐದು ಸಾವಿರ ಸಲ ಮರುಮಾದರಿ ತೆಗೆದ್ರೂ ಎಳೆ ಸೊನ್ನೆಯ ಆಚೀಚೆಯೇ ಓಲಾಡ್ತಿದೆ. ಅಂದ್ರೆ ಎಳೆ ಇದೆ ಅನ್ನೋಕೇ ಆಗಲ್ಲ!"

ಮಾವ ಅಂಕಿಗಳ ಹಳೆಯ ಮುದ್ರಿತ ಪ್ರತಿಯನ್ನೂ ಇವತ್ತಿನ ಕಡತವನ್ನೂ ಅಕ್ಕಪಕ್ಕ ಇಟ್ಟರು. ನಂಬಿಕೆಯ ಅಂಕಗಳ ಮೊತ್ತ ಅದೇ. ಸರಾಸರಿಯೂ ಅದೇ. ಮಾವನ ತಲೆ ಗೊಂದಲದ ಗೂಡಾಯಿತು. ಏನನ್ನೂ ಒಯ್ಯದೆ ಎಲ್ಲವನ್ನೂ ದೋಚಿದ ಕಳ್ಳನನ್ನು ಅವರು ಕಂಡಿರಲಿಲ್ಲ.

"ನಿನ್ನೆ ಲ್ಯಾಪ್‌ಟಾಪ್ ಯಾರ ಕೈಲಿತ್ತು?"

"ಮಧ್ಯಾಹ್ನ ಗೈಡ್ ಇಟ್ಕೊಂಡಿದ್ರು."

ಆದರೆ ಕಡತ ಬದಲಾದದ್ದು ಇವತ್ತು ಬೆಳಿಗ್ಗೆ ಆರೂ ನಲವತ್ತಕ್ಕೆ. ಗೈಡ್ ಮೇಲಿನ ಅನುಮಾನ ಠುಸ್ಸೆಂದಿತು.

* * *

"ಕಂಪನಿಗಳು ತುಂಬಿಕೊಟ್ಟ ಮೂಲ ಫಾರಂ ಎಲ್ಲಿ?"

ಅವಳ ಜೊತೆ ಬಂದು ಬಾಗಿಲಲ್ಲೇ ನಿಂತಿದ್ದ ಅಣ್ಣ ಫಾರಂ ಚೀಲ ಇಳಿಸಿದ. ಫಾರಂಗಳನ್ನೆಲ್ಲ ಟೈಪ್ ಮಾಡಿಕೊಟ್ಟವನು ಅವನೇ.

ಹದಿನೇಳನೆಯ ಕಂಪನಿ. ಫಾರಂನಲ್ಲಿ ನಂಬಿಕೆಯ ಅಂಕ ಎರಡು. ಹಳೆಯ ಪ್ರತಿಯಲ್ಲಿ ಐದು. ಇವತ್ತಿನ ಕಡತದಲ್ಲಿ ಎರಡು. ಮಾವ ಇಪ್ಪತ್ತು ಫಾರಂ ತಿರುವಿದರು. ಪ್ರತಿ ಸಲವೂ ಇವತ್ತಿನದೇ ಸರಿ.

"ಕಳವಾಗಿದ್ದು ಇವತ್ತಲ್ಲ ಮಗಳೇ. ಇವತ್ತು ಕಳ್ಳ ಮಾಲು ವಾಪಸ್ ಇಟ್ಟಿದ್ದಾನೆ."

"ನಂಗೊಂದೂ ಅರ್ಥ ಆಗ್ತಿಲ್ಲ ಮಾವ."

"ಹಳೇ ಪ್ರತೀಲಿ ಲಾಭ ಕಡಿಮೆ ಇರೋ ಕಂಪನಿಯಿಂದ ಹೆಚ್ಚಿರೋದರ ಕಡೆಗೆ ಓದು. ನಂಬಿಕೆ ಒಂದ್ಕಡೇನೂ ಕೆಳಗಿಳಿಯಲ್ಲ. ಮನುಷ್ಯರ ನಂಬಿಕೆ ಇಷ್ಟು ಶಿಸ್ತಾಗಿ ಸಾಲಲ್ಲಿ ನಿಲ್ಲುತ್ತಾ? ಲಾಭದ ಪ್ರಕಾರ ಪಟ್ಟಿ ಜೋಡಿಸಿ, ನಂಬಿಕೆಯ ಕಾಲಂ ಒಂದನ್ನೇ ಬೇರೆಯಾಗಿ ಏರಿಕೆ ಕ್ರಮಕ್ಕೆ ಹಾಕಿದಾರೆ. ಅಂಕಿ ಅವೇ, ಒಡೆಯರು ಬೇರೆ. ಅದಕ್ಕೇ ಮೊತ್ತ ಬದಲಾಗ್ಲಿಲ್ಲ. ಸರಿಮಾಡೋಕೆ ಮಾತ್ರ ಫಾರಂ ಬೇಕು. ಆರೂ ನಲವತ್ತಕ್ಕೆ ಫಾರಂ, ಲ್ಯಾಪ್‌ಟಾಪ್ ಎರಡೂ ಎಲ್ಲಿದ್ವು?"

"ಮನೇಲಿ," ಎಂದವಳು ಅಣ್ಣನ ಕಡೆ ತಿರುಗಿದಳು.

ಅಣ್ಣ ತಲೆ ತಗ್ಗಿಸಿದ. "ನಿಜವಾದ ಅಂಕಿಗೆ ಎಳೆ ಬರ್ಲೇ ಇಲ್ಲ ಕಣೇ. ನೀನು ಕುಸಿದು ಹೋಗ್ತೀಯ ಅಂತ ಹಾಗೆ ಮಾಡಿದೆ. ನಿನ್ನೆ ಊಟಕ್ಕೆ ಕೂತಾಗ, ಒಂದು ಕಾರ್ಖಾನೆ ನಿನ್ನ ಪ್ರಬಂಧ ನಂಬಿ ಹೆಜ್ಜೆ ಇಡ್ತಿದೆ ಅಂತ ನೀನೇ ಅಂದೆ. ಅದಕ್ಕೇ ಬೆಳಿಗ್ಗೆ ಎದ್ದು ಫಾರಂ ನೋಡಿ ಎಲ್ಲಾ ಸರಿಮಾಡಿಟ್ಟೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲೋ ತಿಳಿಯಲಿಲ್ಲ. ಹಳೆಯ ಪ್ರತಿಯನ್ನು ಮೇಜಿನ ಮೇಲೇ ಬಿಟ್ಟು, ಫಾರಂ ಚೀಲ ಹೆಗಲಿಗೇರಿಸಿದಳು.

"ಪರೀಕ್ಷಕರ ಮುಂದೆ ಏನು ಹೇಳ್ತೀಯ?" ಎಂದರು ಮಾವ.

"ತರಬೇತಿಯಿಂದ ಲಾಭ ಬಂದಿದ್ದು ನಿಜ. ಯಾವ ದಾರೀಲಿ ಬಂತೋ ಗೊತ್ತಿಲ್ಲ ಅಂತೀನಿ."

ಬಾಗಿಲಲ್ಲಿ ನಿಂತು ತಿರುಗಿದಳು.

"ಬಾ ಅಣ್ಣ. ಟೈಪ್ ಮಾಡಿದೋರು ಯಾರು ಅಂತ ಕೇಳ್ತಾರೆ."