ಬಾಣಂತಿ ಗುಡಿಸಲಿನ ಕಬ್ಬಿಣ

೧೯೮೫ರ ಫೆಬ್ರವರಿಯ ಒಂದು ಬೆಳಗ್ಗೆ ನಾಗಕ್ಕ ಪಾವಗಡ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ನಮ್ಮವ್ವನ್ನ ಸಾಯಿಸ್ಬುಟ್ರು ಸ್ವಾಮಿ." ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪ ಎಫ್‌ಐಆರ್ ಬರೆಸಿ ಜೀಪು ಹತ್ತಿದರು.

ಸತ್ತವಳು ಕರಿಯಕ್ಕ, ನಿಡುಗಲ್ ಕಡೆಯ ಹಟ್ಟಿಯ ಸೂಲಗಿತ್ತಿ. ತಲೆಗೆ ಕಲ್ಲೇಟು. ಐದಾರು ವರ್ಷಗಳಿಂದ ಅವಳು ಎತ್ತಿಕೊಂಡ ಕೂಸುಗಳು ಒಂದೊಂದಾಗಿ ಸಾಯುತ್ತಿದ್ದವು. ಬಾಣಂತಿಯರು ಕೂದಲು ಉದುರಿ, ರಕ್ತ ಕೆಟ್ಟು, ಹಾಸಿಗೆ ಹಿಡಿಯುತ್ತಿದ್ದರು. ಹಟ್ಟಿಗೆ ಇಷ್ಟು ಸಾಲದೇ? ಮಾಟಗಾತಿ ಎಂದು ಮುದುಕಿಯ ಮುಖಕ್ಕೆ ಉಗಿದಿತ್ತು.

ಶವ ಬಿದ್ದಿದ್ದು ಹಟ್ಟಿಯಾಚೆ, ಬಾಣಂತಿಯರನ್ನು ಇರಿಸುವ ಗುಡಿಸಲ ಹಿಂದೆ. ಪಂಚನಾಮೆಯ ವೇಳೆ ಒಳಗಿದ್ದ ಬಾಣಂತಿ ಕ್ಯಾತಮ್ಮನ ತಲೆದೆಸೆಯಲ್ಲಿ ಬೆರಳುದ್ದದ ಹೊಳೆಯುವ ಕಬ್ಬಿಣದ ತುಂಡು ಸಿಕ್ಕಿತು.

"ಇದ್ಯಾಕಮ್ಮ ಇಲ್ಲಿ?"

"ಕಬ್ಬಿಣ ಇಲ್ದಿದ್ರೆ ಕೂಸಿಗೆ ಗಾಳಿ ಸೋಕ್ತದೆ ಸ್ವಾಮಿ. ಹಟ್ಟೀಲಿ ಯಾರು ಹೆತ್ರೂ ಇದ್ನೇ ಇಡೋದು. ನಿನ್ನೆ ಕರಿಯಕ್ಕ, ಇದು ಬ್ಯಾಡ, ನನ್ ಕುಡ್ಲು ಇಡ್ತೀನಿ ಅಂತ ಎತ್ಕೊಂಡು ಹೊರಕ್ಕೆ ಹೋದ್ಲು."

"ಮತ್ತೆ ಒಳಗೆ ಹೆಂಗೆ ಬಂತು?"

"ನಮ್ ಯಜಮಾನ್ರು ಬಾಗ್ಲಿಂದ ಒಳಕ್ಕೆ ನೂಕಿದ್ರು."

ಕ್ಯಾತಮ್ಮನ ಗಂಡ ಜುಂಜಪ್ಪ ಆಗಲೇ ಪರಾರಿ. ಅವನು ಶಿರಾದ ಕುರಿಸಂತೆಯಲ್ಲಿ ಸಿಗುವ ಹೊತ್ತಿಗೆ ಎರಡು ವಾರವಾಗಿತ್ತು. ಅಷ್ಟರಲ್ಲಿ, ತುಂಡನ್ನು ಚಡ್ಡಿಯ ಜೇಬಿನಲ್ಲಿಟ್ಟು ತಂದಿದ್ದ ಪೇದೆ ಕದಿರಯ್ಯನ ತೊಡೆ ಬೊಬ್ಬೆಯೆದ್ದು ಕೊಳೆಯತೊಡಗಿತ್ತು. ವೈದ್ಯರಿಗೆ ಅನುಮಾನ ಬಂದು ಬೆಂಗಳೂರಿನಿಂದ ತಜ್ಞರನ್ನು ಕರೆಸಿದರು. ಅವರ ಯಂತ್ರ ಠಾಣೆಯ ಅಂಗಳದಲ್ಲೇ ಕಿರುಚಿತು. ಅಣು ವಿಕಿರಣದ ತುಂಡು! ಆರು ವರ್ಷದ ಹಿಂದೆ ಪೈಪಿನ ಬೆಸುಗೆಯನ್ನು ಅಣು ಕಿರಣ ಹಾಯಿಸಿ ಪರೀಕ್ಷಿಸಲು ಬಂದಿದ್ದ ಯಾವುದೋ ಕಂಪನಿ ಅದನ್ನು ಕಳೆದುಕೊಂಡು, ಬಾಯಿ ಮುಚ್ಚಿಕೊಂಡು ಗಂಟುಮೂಟೆ ಕಟ್ಟಿತ್ತು. ಹಾಳಾದವರು, ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸಿಕ್ಕಿಬಿದ್ದ ಜುಂಜಪ್ಪನನ್ನು ವೃಷಭೇಂದ್ರಪ್ಪ ಕೇಳಿದರು: "ಮುದುಕಿನ ಯಾಕೋ ಕೊಂದೆ?"

"ಎಲ್ಡು ಮಕ್ಳು ಹೋಗಿದ್ವು ಸ್ವಾಮಿ. ಇದು ಮೂರ್ನೇದು. ಕಾಯೋ ಕಬ್ಬಿಣನೇ ಕಿತ್ಕೊಂಡು ಹೊಂಟಿದ್ಲು. ಬುಡ್ತೀನಾ?"

"ಅದು ಎಲ್ಲಿಂದ ಬಂತು?"

"ನಾನೇ ತಂದೆ. ಪೈಪ್ನೋರು ಬುಟ್ಟೋದ ಜಾಗ್ದಾಗೆ ಸಿಕ್ತು. ತುಕ್ಕೇ ಹಿಡೀದು ಕಣ್ಸಾಮಿ. ಹಟ್ಟಿ ಹೆಣ್ಮಕ್ಳಿಗೆಲ್ಲ ಆಯ್ತದೆ ಅಂತ ಕೊಟ್ಟೆ." ಹೆಮ್ಮೆಯಿಂದಲೇ ಹೇಳಿದ.

ಆ ತುಂಡೇ ಹಟ್ಟಿಯ ಕೂಸುಗಳನ್ನು ಕೊಂದದ್ದೆಂದು ವೃಷಭೇಂದ್ರಪ್ಪ ಬಿಡಿಸಿ ಹೇಳಿದರು. ಜುಂಜಪ್ಪ ಬೇಡಿ ಬಿದ್ದ ಕೈಗಳನ್ನು ಜೋಡಿಸಿದ.

"ಈಗ ಅದ್ನ ತೆಗ್ದವ್ರಲ್ಲ ಸ್ವಾಮಿ. ನನ್ ಕೂಸು ಉಳ್ಕಂತದಾ?"

"ಮೊನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡಿತು."

ದೋಷಾರೋಪ ಪಟ್ಟಿಯಲ್ಲಿ ಕೊಲೆಯ ಉದ್ದೇಶ ಬರೆಸುವಾಗ ವೃಷಭೇಂದ್ರಪ್ಪ ತಡೆದು ತಡೆದು ಹೇಳಿದರು: "ಮಗುವಿನ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ."